ಹಳೇ ಮನೆಯ ವೈರಿಂಗ್: ಸ್ವಿಚ್ ಬದಲಿಸುವ ಮೊದಲು ನೆಲ ನೋಡಿ

ನಮ್ಮ ಮನೆ ವಿಜಯಪುರದ ಹಳೇ ಪೇಟೆಯಲ್ಲಿದೆ. ದಪ್ಪ ಮಣ್ಣಿನ ಗೋಡೆ, ಮೇಲ್ಮುದ್ದಿ ಮಾಳಿಗೆ, ಕಟ್ಟಿಗೆಯ ಜಂತಿ. ಅಜ್ಜ ಕರೆಂಟ್ ಹಾಕಿಸಿದಾಗ ಇದ್ದದ್ದು ಐದು ಬಲ್ಬು, ಒಂದು ರೇಡಿಯೊ. ಫ್ಯಾನು ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಈಗ ಅದೇ ಮನೆಯಲ್ಲಿ ಫ್ರಿಜ್ಜು, ಮಿಕ್ಸರ್, ಎರಡು ಕೂಲರ್, ನೀರಿನ ಮೋಟರ್, ಜೋಳ ಬೀಸುವ ಮನೆಗಿರಣಿ ಎಲ್ಲ ಇವೆ. ವೈರು ಮಾತ್ರ ಮುಕ್ಕಾಲು ಪಾಲು ಅಜ್ಜನ ಕಾಲದ್ದೇ ಇತ್ತು.

ಒಂದು ಏಪ್ರಿಲ್‌ನಲ್ಲಿ ಅವ್ವ ಕೂಲರ್‌ಗೆ ನೀರು ಸುರಿಯಲು ಹೋಗಿ ಥಟ್ಟನೆ ಕೈ ಹಿಂದೆ ತೆಗೆದಳು. ಕೇಳಿದರೆ, "ಏನಿಲ್ಲಪಾ, ಸ್ವಲ್ಪ ಜುಂ ಅಂತದ ಅಷ್ಟ. ಚಪ್ಪಲ್ ಹಾಕ್ಕೊಂಡ್ ಮುಟ್ಟಿದ್ರ ಏನೂ ಆಗಂಗಿಲ್ಲ" ಅಂದಳು. ಅದು ಎರಡು ಬೇಸಿಗೆಯಿಂದ ಹಾಗೇ ಇತ್ತಂತೆ. ನನಗೆ ಸಿಟ್ಟು ಬಂದದ್ದು ಅವ್ವನ ಮೇಲಲ್ಲ, ನನ್ನ ಮೇಲೆ. ಹಿಂದಿನ ವರ್ಷವೇ ಬಣ್ಣ ಹೊಡೆಸಿ, ಎಲ್ಲ ಬೋರ್ಡಿಗೂ ಮಿರಿಮಿರಿ ಹೊಳೆಯುವ ಹೊಸ ಸ್ವಿಚ್ಚು ಹಾಕಿಸಿದ್ದೆ. ಕರೆಂಟಿನ ಕೆಲಸದ ಕಾಕಾ ಬಂದು ಒಂದು ಬೋರ್ಡು ಬಿಚ್ಚಿ ನೋಡಿದರು. "ಮುಖಕ್ಕ ಪೌಡರ್ ಹಚ್ಚೀರಿ ತಮ್ಮಾ, ಒಳಗ ಹಳೇ ನರಾನ ಅದಾವ" ಅಂದರು. ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಅರ್ಥ್ ವೈರು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರು, ಬಂದಿರಲೇ ಇಲ್ಲ.

ಮುಂದೆ ಬರೆದಿರುವುದು ಅಲ್ಲಿಂದ ಎರಡು ವರ್ಷ ನಾವು ಮಾಡಿದ ಕೆಲಸದ ದಾರಿ. ಜೊತೆಗೆ ಆಮೇಲೆ ಬಾಗಲಕೋಟೆ, ಬೆಳಗಾವಿಯ ನೆಂಟರ ಮನೆಗಳಲ್ಲಿ ನೋಡಿ ಕಲಿತದ್ದೂ ಇದೆ. ನೋಡುವುದು, ಲೆಕ್ಕ ಹಾಕುವುದು, ಕೇಳುವುದು ನಿಮ್ಮ ಕೆಲಸ. ಬಿಚ್ಚುವುದು, ಕಟ್ಟುವುದು ಲೈಸೆನ್ಸ್ ಇರುವವರ ಕೆಲಸ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಪರವಾನಗಿ ಇದೆಯಾ ಎಂದು ಮೊದಲೇ ಕೇಳಿ, ನಾಚಿಕೆ ಬೇಡ. ನಮ್ಮ ಕಡೆ ಕರೆಂಟು ಕೊಡುವ ಹೆಸ್ಕಾಂ ಕಂಪನಿಗೆ ಲೋಡ್ ಹೆಚ್ಚಿಸಲು ಅರ್ಜಿ ಹಾಕುವಾಗಲೂ ಪರವಾನಗಿ ಇರುವ ಕೆಲಸದವರ ಸಹಿ ಕೇಳಬಹುದು.

ಮೊದಲ ಸುತ್ತು: ಕಣ್ಣು, ಮೂಗು, ಒಂದು ನೋಟ್‌ಬುಕ್

ಒಂದು ರವಿವಾರ ಬೆಳಿಗ್ಗೆ ಮನೆ ಪೂರ್ತಿ ಸುತ್ತಿ. ಏನನ್ನೂ ಬಿಚ್ಚಬೇಡಿ. ಕೋಣೆಕೋಣೆಗೂ ಒಂದೊಂದು ಪುಟ ಮಾಡಿ, ಕಂಡದ್ದನ್ನು ಬರೆಯಿರಿ.

ಪ್ಲಗ್ಗಿನ ಸುತ್ತ ಕಂದು ಕಲೆ ಇದೆಯಾ? ಸ್ವಿಚ್ ಹಾಕಿದಾಗ ಒಳಗೆ ಚಟಚಟ ಸದ್ದು ಬರುತ್ತದೆಯಾ? ಬೋರ್ಡಿನ ಹತ್ತಿರ ಮೀನು ಕೊಳೆತಂಥ ವಾಸನೆ ಬಂದರೆ ಅದನ್ನು ಹಗುರವಾಗಿ ತಗೋಬೇಡಿ. ಬೇಕಲೈಟ್ ಮತ್ತು ಪ್ಲಾಸ್ಟಿಕ್ ಕಾಯ್ದಾಗ ಅಂಥ ವಾಸನೆ ಬರುತ್ತದೆ. ಗಿರಣಿ ಅರ್ಧ ತಾಸು ಓಡಿದ ಮೇಲೆ ಅದರ ಪ್ಲಗ್ ಟಾಪ್ ಮೇಲೆ ಅಂಗೈ ಬದಲು ಕೈಯ ಹಿಂಭಾಗ ಮುಟ್ಟಿಸಿ ನೋಡಿ. ಬೆಚ್ಚಗಿದ್ದರೆ ಬರೆದುಕೊಳ್ಳಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಅಂದಿನಿಂದಲೇ ಆ ಸಾಕೆಟ್ ಬಂದ್.

ಮಿಕ್ಸರ್ ಹಾಕಿದಾಗ ಪಡಸಾಲೆಯ ದೀಪ ಮಂಕಾಗುತ್ತದೆಯಾ? ಎಲ್ಲ ದೀಪವೂ ಮಂಕಾದರೆ ತೊಂದರೆ ಮೇನ್ ಕಡೆಗಿರಬಹುದು. ಒಂದೇ ಕೋಣೆಯದಾದರೆ ಆ ಲೈನಿನಲ್ಲೇ ಸಡಿಲ ಜಾಯಿಂಟ್ ಇರಬಹುದು. ಕೆಲವು ದೀಪ ಮಂಕಾಗಿ, ಬೇರೆ ದೀಪ ಒಮ್ಮೆಲೇ ಜಾಸ್ತಿ ಹೊಳೆದರೆ ಮಾತ್ರ ತಡ ಮಾಡಬೇಡಿ. ಅದು ನ್ಯೂಟ್ರಲ್, ಅಂದರೆ ಕರೆಂಟು ತಿರುಗಿ ಹೋಗುವ ವೈರು, ಕಡಿದ ಗುರುತು. ಮೇನ್ ಇಳಿಸಿ, 1912ಕ್ಕೆ ಫೋನ್ ಮಾಡಿ.

ಜೋಳದ ಚೀಲ ಇಡುವ ಕೋಣೆಯನ್ನು ಎರಡು ಸಲ ನೋಡಿ. ಜೋಳ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕಡಿದ ವೈರು. ಜಂತಿಯ ಮೇಲೆ ಹಾದು ಹೋದ ವೈರನ್ನು ಟಾರ್ಚ್ ಹಿಡಿದು ನೋಡಿದರೆ ಎಲ್ಲೆಲ್ಲಿ ತಾಮ್ರ ಮಿನುಗುತ್ತದೋ ಕಾಣುತ್ತದೆ. ನಮ್ಮಲ್ಲಿ ಮೂರು ಕಡೆ ಕಂಡಿತು.

ಇನ್ನೊಂದು ವಿಷಯ ನಮ್ಮ ಕಡೆಯದೇ. ವರ್ಷವರ್ಷ ಸುಣ್ಣ ಬಳಿಯುವಾಗ ಕುಂಚದ ನೀರು ಹಳೇ ದುಂಡನೆ ಸ್ವಿಚ್ಚಿನೊಳಗೆ ಇಳಿದಿರುತ್ತದೆ. ಸ್ವಿಚ್ಚಿನ ಮೂತಿ ಸುಣ್ಣದಲ್ಲಿ ಮುಚ್ಚಿ ಹೋಗಿದ್ದರೆ ಅದರ ಕಾಲ ಮುಗಿಯಿತು ಅಂತಲೇ ತಿಳಿಯಿರಿ.

ವೈರು ಯಾವ ಕಾಲದ್ದು?

ಇದು ಗೊತ್ತಾದರೆ ಅರ್ಧ ನಿರ್ಧಾರ ಆದ ಹಾಗೆ. ಕಟ್ಟಿಗೆಯ ಸಣ್ಣ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪಿನಲ್ಲಿ ಹಿಡಿದ ಕಪ್ಪು ವೈರು ಇದ್ದರೆ ಅದು ಹೆಚ್ಚಾಗಿ ರಬ್ಬರ್ ಹೊದಿಕೆಯ ಕಾಲದ್ದು. ರಬ್ಬರ್ ವಯಸ್ಸಾದಂತೆ ಒಣಗಿ, ಬಗ್ಗಿಸಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಗೋಡೆಗೆ ಅಂಟಿಕೊಂಡು ಸುಮ್ನೆ ಇದ್ದಾಗ ಚೆನ್ನಾಗಿಯೇ ಕಾಣುತ್ತದೆ. ಯಾರೋ ಸ್ವಿಚ್ ಬದಲಿಸಲು ಒಂದು ಸಲ ಎಳೆದರೆ ಸಾಕು, ಹೊದಿಕೆ ಉದುರುತ್ತದೆ. ನಮ್ಮ ಹೊಸ ಸ್ವಿಚ್ಚಿನ ಹಿಂದೆ ಆದದ್ದೂ ಅದೇ. ನೂಲು ಸುತ್ತಿದ ಜಡೆ ವೈರಿನಲ್ಲಿ ಬಲ್ಬು ಜೋತಾಡುತ್ತಿದ್ದರೆ ಅದನ್ನೂ ಇದೇ ಸಾಲಿಗೆ ಸೇರಿಸಿ. ಇವಕ್ಕೆ ರಿಪೇರಿ ಇಲ್ಲ. ತೆಗೆಯುವುದೇ.

ಆಮೇಲೆ ಬಂದದ್ದು ಅಲ್ಯೂಮಿನಿಯಂ ಕಾಲ. 1970, 80ರ ದಶಕದ ಬಹಳ ಮನೆಗಳಲ್ಲಿ ಇದು ಸಿಗುತ್ತದೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಸ್ಕ್ರೂ ಬಿಗಿ ಮಾಡಿದಲ್ಲಿ ಬಿಸಿಯಾಗಿ ತಣ್ಣಗಾಗಿ ನಿಧಾನಕ್ಕೆ ಸಡಿಲ ಆಗುತ್ತದೆ. ಮೇಲೆ ಒಂದು ಪದರ ಕಟ್ಟಿ ಕರೆಂಟಿಗೆ ತಡೆ ಹಾಕುತ್ತದೆ. ಇದರ ಜೊತೆ ತಾಮ್ರದ ವೈರನ್ನು ಹೊಸೆದು ಟೇಪ್ ಸುತ್ತಿದ್ದರೆ ಇನ್ನೂ ಕೆಟ್ಟದ್ದು. ಎರಡು ಲೋಹ ಸೇರಿದಲ್ಲಿ ತೇವ ಬಂದರೆ ತುಕ್ಕು ಹಿಡಿದು, ಜಾಯಿಂಟ್ ಸುಡುತ್ತದೆ. ಹಳೇ ಮನೆಗೆ ಹಿಂಬದಿ ಹೊಸ ಕೋಣೆ ಕಟ್ಟಿಸಿದವರು ಈ ಜಾಯಿಂಟನ್ನು ಮೊದಲು ಹುಡುಕಬೇಕು.

ಒಂದು ಎಚ್ಚರಿಕೆ. ಬೆಳ್ಳಗೆ ಕಂಡ ವೈರೆಲ್ಲ ಅಲ್ಯೂಮಿನಿಯಂ ಅಲ್ಲ. ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ತಿನ್ನುತ್ತದೆ ಎಂದು ಆ ಕಾಲದಲ್ಲಿ ತಾಮ್ರಕ್ಕೆ ತವರದ ಲೇಪ ಕೊಡುತ್ತಿದ್ದರು. ಕಾಕಾ ಕರೆಂಟು ಬಂದ್ ಮಾಡಿ, ಬ್ಲೇಡಿನಿಂದ ಕೆರೆದು ತೋರಿಸಿದರು. ಒಳಗೆ ಕೆಂಪು. ಹಳೇ ವೈರು ತೆಗೆದ ಮೇಲೆ ಗುಜರಿಗೆ ಹಾಕುವಾಗ ಈ ಮಾಹಿತಿ ನಿಮ್ಮ ಕಿಸೆಗೂ ಒಳ್ಳೆಯದು, ಅಲ್ವಾ?

1990ರ ನಂತರ ಗೋಡೆಯೊಳಗೆ ಪೈಪ್ ಹೂಳಿ, ಪಿವಿಸಿ ಹೊದಿಕೆಯ ತಾಮ್ರ ಹಾಕಿದ್ದರೆ ನಿಮ್ಮ ಅದೃಷ್ಟ. ಅಲ್ಲಿ ಪೈಪ್ ಹಾಗೇ ಇಟ್ಟು ಹೊಸ ವೈರು ಎಳೆಯಬಹುದು. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ನೆಂಟರೊಬ್ಬರ ಮನೆ ಇಂಥದ್ದು. "ನಂದು ಹೊಸಾ ಮನಿ" ಅಂತ ಅವರು ಈಗಲೂ ಹೇಳುತ್ತಾರೆ. ಬೋರ್ಡ್ ಬಿಚ್ಚಿಸಿದರೆ ಎಲ್ಲಿಯೂ ಅರ್ಥಿನ ಹಸಿರು ವೈರು ಇರಲಿಲ್ಲ. ಕರೆಂಟು ತರುವ ಫೇಸು, ನ್ಯೂಟ್ರಲ್ ಎರಡೇ.

ಮೇನ್ ಬೋರ್ಡಿನಲ್ಲಿ ಅಡಗಿರುವ ತಪ್ಪು

ಕಬ್ಬಿಣದ ಪೆಟ್ಟಿಗೆಯ ಮೇನ್ ಸ್ವಿಚ್, ಒಳಗೆ ಬಿಳೀ ಪಿಂಗಾಣಿಯ ಎರಡು ಕಿಟ್‌ಕ್ಯಾಟ್ ಫ್ಯೂಸ್. ಹಳೇ ಮನೆಗಳಲ್ಲಿ ಇದೇ ಇರುತ್ತದೆ. ಒಂದು ಫ್ಯೂಸ್ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ. ನೋಡಲು ಎರಡು ಕಾವಲುಗಾರರು ಇದ್ದಂತೆ. ಆದರೆ ನ್ಯೂಟ್ರಲ್ಲಿನ ಫ್ಯೂಸ್ ಮಾತ್ರ ಸುಟ್ಟರೆ ಏನಾಗುತ್ತದೆ ನೋಡಿ. ಮನೆಯೆಲ್ಲ ಕತ್ತಲು. ಕರೆಂಟ್ ಹೋಗಿದೆ ಅಂದುಕೊಂಡು ಯಾರೋ ಹೋಲ್ಡರ್‌ಗೆ ಕೈ ಹಾಕುತ್ತಾರೆ. ಅಲ್ಲಿ 230 ವೋಲ್ಟ್ ಪೂರ್ತಿ ಕಾಯುತ್ತಿರುತ್ತದೆ. ನ್ಯೂಟ್ರಲ್‌ಗೆ ಫ್ಯೂಸ್ ಇರಲೇಬಾರದು, ಗಟ್ಟಿ ತಾಮ್ರದ ಲಿಂಕ್ ಇರಬೇಕು. ಬೇರೆ ಯಾವ ಕೆಲಸಕ್ಕೆ ದುಡ್ಡಿಲ್ಲದಿದ್ದರೂ ಇದೊಂದನ್ನು ಈ ವಾರವೇ ಸರಿ ಮಾಡಿಸಿ.

ಫ್ಯೂಸಿನ ತಂತಿ ಎಷ್ಟು ದಪ್ಪ ಇದೆ ಎಂದೂ ಕೇಳಿ. ಪದೇ ಪದೇ ಹೋಗುತ್ತದೆ ಎಂದು ನಾಲ್ಕೈದು ಎಳೆ ಸೇರಿಸಿ ಹೊಸೆದು ಹಾಕುವುದು ನಮ್ಮಲ್ಲಿ ಮನೆಮನೆಯ ಜಾಣತನ. ಹಾಗೆ ಮಾಡಿದಾಗ ಫ್ಯೂಸಿಗಿಂತ ಮೊದಲು ಗೋಡೆಯಲ್ಲಿರುವ ವೈರೇ ಬಿಸಿಯಾಗುತ್ತದೆ. ಫ್ಯೂಸ್ ಇರುವುದು ಫ್ರಿಜ್ಜನ್ನು ಕಾಯಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು.

ಸ್ವಿಚ್ ಫೇಸಿನಲ್ಲಿದೆಯೋ ನ್ಯೂಟ್ರಲ್‌ನಲ್ಲಿದೆಯೋ ಎಂಬುದನ್ನೂ ಪ್ರತಿ ಪಾಯಿಂಟಿಗೆ ನೋಡಿಸಿ. ಹಳೇ ವೈರಿಂಗ್‌ನಲ್ಲಿ ತಿರುವು ಮುರುವು ಆಗಿರುವುದು ಸಾಮಾನ್ಯ. ಎಲ್‌ಇಡಿ ಬಲ್ಬು ಆರಿಸಿದ ಮೇಲೂ ರಾತ್ರಿ ಮಿಣಮಿಣ ಅನ್ನುತ್ತಿದ್ದರೆ ಅದೂ ಒಂದು ಸುಳಿವು.

ಮೀಟರು, ಅದರ ಸೀಲು, ಕಂಬದಿಂದ ಬರುವ ವೈರು ಹೆಸ್ಕಾಂನವು. ಅಲ್ಲಿಗೆ ನೀವೂ ಕೈ ಹಾಕಬೇಡಿ, ನಿಮ್ಮ ಕೆಲಸದವರೂ ಹಾಕಬಾರದು.

ಅರ್ಥಿಂಗ್: ನಮ್ಮ ಎರೆ ಮಣ್ಣಿನ ಆಟ

ಅರ್ಥಿಂಗ್ ಕೆಲಸ ಸರಳ. ಕೂಲರಿನ ತಗಡಿಗೆ ಒಳಗಿನ ಫೇಸು ತಾಗಿದರೆ, ಆ ಕರೆಂಟು ನಿಮ್ಮ ಮೈ ಹಿಡಿಯುವ ಬದಲು ಹಸಿರು ವೈರು ಹಿಡಿದು ನೆಲಕ್ಕೆ ಹೋಗಬೇಕು. ಅದಕ್ಕೆ ನೆಲದಲ್ಲಿ ಒಂದು ಪೈಪ್ ಇರಬೇಕು. ಆ ಪೈಪಿಗೂ ಮಣ್ಣಿಗೂ ಗಟ್ಟಿ ನಂಟು ಇರಬೇಕು. ನಮ್ಮ ಊರುಗಳಲ್ಲಿ ಎಡವಟ್ಟಾಗುವುದು ಈ ನಂಟಿನಲ್ಲೇ.

ಎರೆ ಮಣ್ಣು ಒದ್ದೆ ಇದ್ದಾಗ ಅರ್ಥಿಂಗ್‌ಗೆ ಅದರಂಥ ಮಣ್ಣಿಲ್ಲ. ನೀರು ಕುಡಿದು ಉಬ್ಬಿ ಪೈಪನ್ನು ಅಪ್ಪಿಕೊಳ್ಳುತ್ತದೆ. ಮಾರ್ಚ್ ದಾಟಿದರೆ ಅದೇ ಮಣ್ಣು ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಪೈಪಿನ ಸುತ್ತ ಗಾಳಿ ತುಂಬುತ್ತದೆ. ಅಂದರೆ ಯಾವ ತಿಂಗಳು ಮನೆಮನೆಯಲ್ಲೂ ತಗಡಿನ ಕೂಲರಿಗೆ ನೀರು ಹಾಕುತ್ತೇವೋ, ಅದೇ ತಿಂಗಳು ಅರ್ಥಿಂಗ್ ಅತ್ಯಂತ ದುರ್ಬಲ. ನಮ್ಮ ಸಾಕೆಟ್ಟಿಗೆ ಅರ್ಥ್ ವೈರೇ ಇರಲಿಲ್ಲ; ಇದ್ದ ಮನೆಗಳಿಗೂ ಕಷ್ಟ ಬರುವುದು ಏಪ್ರಿಲ್‌ನಲ್ಲಿ. ಮಳೆಗಾಲದಲ್ಲಿ ಯಾರಾದರೂ ಪರೀಕ್ಷೆ ಮಾಡಿದರೆ ಎಲ್ಲ ಸರಿ ಇದೆ ಅನ್ನುತ್ತಾರೋ ಏನೋ.

ಹಾಗಾಗಿ ವಿಜಯಪುರ, ಬಾಗಲಕೋಟೆಯ ಎರೆ ಸೀಮೆಯವರು ಅರ್ಥಿಂಗನ್ನು ಏಪ್ರಿಲ್-ಮೇ ತಿಂಗಳಲ್ಲಿ ಅಳತೆ ಮಾಡಿಸಿ. ಅರ್ಥ್ ಟೆಸ್ಟರ್ ಎಂಬ ಉಪಕರಣ ಇರುವವರನ್ನೇ ಕರೆಯಿರಿ. ಬಲ್ಬು ಹಚ್ಚಿ "ಉರಿತದಲ್ರೀ" ಅಂತ ತೋರಿಸುವುದು ಅಳತೆ ಅಲ್ಲ. ನೆಲದ ತಡೆ ಮನೆಗೆ 5 ಓಮ್ ಒಳಗೆ ಬಂದರೆ ಒಳ್ಳೆಯದು.

ಹೊಸದಾಗಿ ಮಾಡಿಸುವುದಾದರೆ ಸುಮಾರು 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ (ಸತುವಿನ ಲೇಪದ ಕಬ್ಬಿಣದ) ಪೈಪು ನೇರ ಇಳಿಯಬೇಕು. ಸುತ್ತ ಇದ್ದಿಲು, ಉಪ್ಪು ಹಾಕುವುದು ಹಳೇ ಪದ್ಧತಿ. ಉಪ್ಪು ತೇವ ಹಿಡಿಯುತ್ತದೆ, ಆದರೆ ವರ್ಷಗಳಲ್ಲಿ ಪೈಪನ್ನೂ ತಿನ್ನುತ್ತದೆ. ಈಗ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ತುಂಬಿದ ರೆಡಿಮೇಡ್ ಅರ್ಥಿಂಗ್ ಸಿಗುತ್ತದೆ. ಯಾವುದಾದರೂ ಸರಿ, ಮೇಲೆ ಮುಚ್ಚಳ ಇರುವ ಸಣ್ಣ ಗುಂಡಿ ಬಿಡಿಸಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಬೇಕು. ನಾವು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ಪೈಪ್ ಇಳಿಸಿದೆವು. ನೀರು ಹಾಕುವ ನೆನಪು ಇಡಬೇಕಾದ ಕೆಲಸವೇ ತಪ್ಪಿತು.

ಬಾದಾಮಿ, ಗುಳೇದಗುಡ್ಡದ ಕಡೆ ಬೇರೆಯೇ ಪಾಡು. ಎರಡು ಅಡಿಗೆ ಮರಳುಗಲ್ಲು ಬಡಿಯುತ್ತದೆ, ಪೈಪು ಇಳಿಯುವುದಿಲ್ಲ. ಅಂಥಲ್ಲಿ ಪೈಪನ್ನು ಅರ್ಧಕ್ಕೆ ಕತ್ತರಿಸಿ ಹುಗಿದು ಕೈ ತೊಳೆದುಕೊಳ್ಳುವವರು ಇದ್ದಾರೆ. ಒಪ್ಪಬೇಡಿ. ಹಿತ್ತಲಿನಲ್ಲಿ ಅಡ್ಡ ಕಾಲುವೆ ತೆಗೆದು ಲೋಹದ ಪಟ್ಟಿ ಹೂಳಬಹುದು, ಇಲ್ಲವೇ ಎರಡು ಮೂರು ಕಡೆ ಅರ್ಥ್ ಮಾಡಿ ಒಂದಕ್ಕೊಂದು ಜೋಡಿಸಬಹುದು.

ಹಳೇ ಮನೆಗಳಲ್ಲಿ ಎರಡು ಕಳ್ಳ ದಾರಿಗಳಿವೆ. ಒಂದು, ಅರ್ಥ್ ವೈರನ್ನು ನಳದ ಕಬ್ಬಿಣದ ಪೈಪಿಗೆ ಕಟ್ಟಿರುವುದು. ಬೀದಿಯ ಲೈನು ಪ್ಲಾಸ್ಟಿಕ್ ಆದ ದಿನವೇ ಆ ಅರ್ಥಿಂಗ್ ಸತ್ತಿತು. ಈಗ ಎಲ್ಲಾದರೂ ಲೀಕ್ ಆದರೆ ಬಚ್ಚಲಿನ ನಳಕ್ಕೂ ಕರೆಂಟ್ ಬರುತ್ತದೆ. ಎರಡು, ಸಾಕೆಟ್ಟಿನೊಳಗೆ ಅರ್ಥ್ ಪಿನ್ನಿಗೂ ನ್ಯೂಟ್ರಲ್ ಪಿನ್ನಿಗೂ ಸಣ್ಣ ತುಂಡು ವೈರು ಜೋಡಿಸಿರುವುದು. ಟೆಸ್ಟ್ ಬಲ್ಬಿಗೆ ಎಲ್ಲ ಸರಿ ಕಾಣುತ್ತದೆ. ಆದರೆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕೂಲರಿನ ಮೈಯೆಲ್ಲ ಫೇಸ್. ಇದನ್ನು ಹಿಡಿಯಲು ಒಂದು ಉಪಾಯವಿದೆ. ಅದೇ ಲೈನಿನಲ್ಲಿ ಇಸ್ತ್ರಿ ಪೆಟ್ಟಿಗೆ ಓಡುವಾಗ ಕೆಲಸದವರು ಮಲ್ಟಿಮೀಟರ್‌ನಿಂದ ನ್ಯೂಟ್ರಲ್-ಅರ್ಥ್ ನಡುವೆ ಅಳೆಯಲಿ. ಒಂದೆರಡು ವೋಲ್ಟ್ ಬರುವುದು ಸಹಜ. ಲೋಡ್ ಇದ್ದೂ ಪೂರ್ತಿ ಸೊನ್ನೆ ತೋರಿಸಿದರೆ ಆ ಸಾಕೆಟ್ ಬಿಚ್ಚಿಸಿ.

ಬೆಳಗಾವಿಯವರಿಗೆ ಗೋಡೆಯೇ ಶತ್ರು

ಬೆಳಗಾವಿಯ ಹಳೇ ಹಂಚಿನ ಮನೆಗಳಲ್ಲಿ ಅರ್ಥಿಂಗ್‌ಗಿಂತ ತೇವದ ಕಾಟ ಜಾಸ್ತಿ. ಆಷಾಢ, ಶ್ರಾವಣದಲ್ಲಿ ಗೋಡೆ ಕುಡಿದ ನೀರು ಹಳೇ ವೈರಿನ ಬಿರುಕಿಗೂ ಹೋಗುತ್ತದೆ. ಗೋಡೆ ಮುಟ್ಟಿದರೆ ಜುಂ ಅನ್ನುತ್ತದೆ. ಅಲ್ಲಿಯವರು ಇನ್ಸುಲೇಷನ್, ಅಂದರೆ ವೈರಿನ ಹೊದಿಕೆಯ, ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿಸಬೇಕು. ಯಾವ ಕಾಲದಲ್ಲಿ ಮನೆ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುತ್ತದೋ, ಆಗ ಅಳೆದದ್ದೇ ನಿಜವಾದ ಅಳತೆ.

ಈ ಪರೀಕ್ಷೆ ಮಾಡುವ ಉಪಕರಣಕ್ಕೆ ಮೆಗ್ಗರ್ ಅನ್ನುತ್ತಾರೆ. ಮೇನ್ ಬಂದ್ ಮಾಡಿ, ಟಿವಿ, ಫ್ರಿಜ್, ಎಲ್‌ಇಡಿ ಬಲ್ಬು ಎಲ್ಲ ಕಳಚಿ, 500 ವೋಲ್ಟ್ ಹಾಕಿ ಅಳೆಯುತ್ತಾರೆ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದ ಲೈನು ಹೋಯಿತು ಅಂತಲೇ ಅರ್ಥ. ಎಲ್‌ಇಡಿ ಕಳಚದೆ ಅಳೆದರೆ ಬಲ್ಬೂ ಹೋಗುತ್ತದೆ, ಅಳತೆಯೂ ತಪ್ಪುತ್ತದೆ.

ಮೆಗ್ಗರ್ ಸಿಗುವ ತನಕ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮೇನ್ ಚಾಲೂ ಇರಲಿ. ಎಲ್ಲ ಪ್ಲಗ್ ಕಿತ್ತು, ಎಲ್ಲ ಸ್ವಿಚ್ ಆರಿಸಿ. ಇನ್ವರ್ಟರನ್ನೂ ಲೈನಿನಿಂದ ಬಿಡಿಸಿ. ಈಗ ಮೀಟರಿನ ಕೆಂಪು ದೀಪ ನೋಡಿ. ಹತ್ತು ಹದಿನೈದು ನಿಮಿಷ ಕಾದರೂ ಮಿಟುಕಬಾರದು. ಮಿಟುಕಿದರೆ ಎಲ್ಲೋ ಸೋರುತ್ತಿದೆ. ಬಹಳ ಮೀಟರುಗಳಲ್ಲಿ ಅರ್ಥ್ ಲೀಕ್ ತೋರಿಸುವ ಬೇರೆ ಪುಟ್ಟ ದೀಪವೂ ಇರುತ್ತದೆ.

ಮೊದಲೆಲ್ಲ ಬಿಲ್ಲು ಜಾಸ್ತಿ ಬಂದರೆ ಜನ ಗಾಬರಿಯಾಗಿ ಹುಡುಕುತ್ತಿದ್ದರು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲಿನ ಕಾಗದವನ್ನು ಯಾರೂ ತಿರುಗಿಸಿಯೂ ನೋಡುವುದಿಲ್ಲ. ನೋಡಿ. ಬರೀ 100 ಮಿಲಿಆಂಪ್ ಹಗಲೂ ರಾತ್ರಿ ಸೋರಿದರೆ ತಿಂಗಳಿಗೆ 16-17 ಯೂನಿಟ್. ದುಡ್ಡು ಹೋಗದಿರಬಹುದು, ಆದರೆ ಒಬ್ಬ ಮನುಷ್ಯನ ಜೀವ ತೆಗೆಯಲು ಅಷ್ಟು ಆಂಪ್ ಬೇಕಾಗಿಯೇ ಇಲ್ಲ. ಯೂನಿಟ್ ಸುಮ್ನೆ ಏರಿದ ತಿಂಗಳನ್ನು ಗುರುತು ಹಾಕಿ.

ಲೋಡಿನ ಲೆಕ್ಕ

ವ್ಯಾಟ್ಸನ್ನು 230ರಿಂದ ಭಾಗಿಸಿದರೆ ಆಂಪ್. ಇಷ್ಟೇ ಗಣಿತ. 2000 ವ್ಯಾಟ್ಸ್ ಇಂಡಕ್ಷನ್ ಒಲೆಗೆ 8.7 ಆಂಪ್. ನೀರು ಕಾಯಿಸುವ 1500 ವ್ಯಾಟ್ಸ್ ಕಾಯಿಲ್‌ಗೆ ಆರೂವರೆ. ಒಂದೂವರೆ ಟನ್ ಏಸಿಗೆ ಏಳೆಂಟು. ಕಾಯಿಲ್ಲನ್ನು ಬಲ್ಬಿನ ಬೋರ್ಡಿನ 5 ಆಂಪ್ ಸಾಕೆಟ್ಟಿಗೆ ಕನ್ವರ್ಟರ್ ಹಾಕಿ ಚುಚ್ಚುವ ಮನೆಗಳು ಎಷ್ಟಿಲ್ಲ? ಸಾಕೆಟ್ ಕರಗುವುದು ಅಲ್ಲೇ.

ಹಳಬರು ವೈರನ್ನು 1/18, 3/20, 7/20 ಎಂದು ಕರೆಯುತ್ತಾರೆ. ಎಷ್ಟು ಎಳೆ, ಯಾವ ಗೇಜು ಎಂಬ ಲೆಕ್ಕ ಅದು. ಈಗ ಚದರ ಮಿಲಿಮೀಟರ್ ಲೆಕ್ಕ. ಲೈಟು, ಫ್ಯಾನಿಗೆ ಒಂದೂವರೆ, ಅದಕ್ಕೆ 10 ಆಂಪ್ ಮೀರದ ಎಂಸಿಬಿ (ಫ್ಯೂಸಿನ ಬದಲು ತಾನೇ ಬೀಳುವ ಸ್ವಿಚ್). 16 ಆಂಪ್ ಸಾಕೆಟ್ಟಿಗೆ ಎರಡೂವರೆ, ಜೊತೆಗೆ 16ರ ಎಂಸಿಬಿ. ಏಸಿ, ದೊಡ್ಡ ಗೀಸರ್‌ಗೆ ನಾಲ್ಕು, 20ರ ಎಂಸಿಬಿ. ಮೀಟರಿನಿಂದ ಡಿಬಿಗೆ (ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆಗೆ) ಆರು ಇಲ್ಲವೇ ಹತ್ತು. ಮೋಟರ್, ಏಸಿ, ಗಿರಣಿಗೆ 'ಸಿ' ನಮೂನೆಯ ಎಂಸಿಬಿ ಕೇಳಿ. ಮೋಟರ್ ಏಳುವಾಗ ಒಮ್ಮೆ ಜಾಸ್ತಿ ಎಳೆಯುತ್ತದೆ, 'ಬಿ' ಆದರೆ ಸುಮ್ಮಸುಮ್ಮನೆ ಬೀಳುತ್ತದೆ. ಬೀಳುತ್ತದೆ ಎಂದು 16 ಇದ್ದಲ್ಲಿ 32 ಹಾಕಿಸಿಕೊಂಡವರನ್ನು ನೋಡಿದ್ದೇನೆ. ಅದು ಹೊಸ ಕಾಲದ ನಾಲ್ಕೆಳೆ ಫ್ಯೂಸ್ ತಂತಿ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ಸಾದಾ ಪಿವಿಸಿ ವೈರು 70 ಡಿಗ್ರಿ ತನಕ ತಾಳುತ್ತದೆ. ಮೇ ತಿಂಗಳಲ್ಲಿ ಹೊರಗೇ 40 ದಾಟಿದಾಗ, ಮಾಳಿಗೆಯ ಕೆಳಗಿನ ಪೈಪಿನಲ್ಲಿ ಇನ್ನೂ ಜಾಸ್ತಿ ಇರುತ್ತದೆ. ವೈರು ತಾನೇ ಬಿಸಿಯಾಗಲು ಉಳಿಯುವ ಜಾಗ ಕಡಿಮೆ. ಅನುಮಾನ ಬಂದಲ್ಲಿ ಒಂದು ಸೈಜು ದಪ್ಪ ಹಾಕಿಸಿ, ಎರಡು ಲೈನನ್ನು ಒಂದೇ ಪೈಪಿನಲ್ಲಿ ತುರುಕಬೇಡಿ.

ಒಂದು ಲೈಟಿನ ಲೈನಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ಸ್, ಒಂದು ಪವರ್ ಲೈನಿಗೆ ಎರಡು ಸಾಕೆಟ್. ಇದಕ್ಕಿಂತ ಜಾಸ್ತಿ ಬೇಡ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಅದು 1 ಇದ್ದು ನೀವು ಏಸಿ ಹಾಕಿಸುವುದಾದರೆ ಮೊದಲು ಹೆಸ್ಕಾಂಗೆ ಅರ್ಜಿ ಕೊಡಿ. ಬನಹಟ್ಟಿ, ರಬಕವಿ ಕಡೆ ಮನೆಯೊಳಗೇ ಪವರ್‌ಲೂಮ್ ಇಟ್ಟವರು ಮಗ್ಗದ ಲೈನನ್ನು ಮನೆಯ ಲೈನಿನ ಜೊತೆ ಎಲ್ಲಿಯೂ ಬೆರೆಸಬಾರದು, ನ್ಯೂಟ್ರಲ್ ಕೂಡ.

ದುಡ್ಡು ಒಮ್ಮೆಗೇ ಇಲ್ಲ ಅಂದರೆ

ನಮಗೂ ಇರಲಿಲ್ಲ. ಎರಡು ವರ್ಷದಲ್ಲಿ ಕಂತು ಕಂತಾಗಿ ಮಾಡಿಸಿದೆವು. ಮೊದಲು ಅರ್ಥಿಂಗ್. ಅದರ ಜೊತೆಗೇ ಹೊಸ ಡಿಬಿ, ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ. ಆಮೇಲೆ ನೀರು ಇರುವ ಜಾಗಗಳು: ಬಚ್ಚಲು, ಅಡುಗೆಮನೆ, ಮೋಟರ್, ಕೂಲರ್. ಪಡಸಾಲೆ, ಮಲಗುವ ಕೋಣೆ ಅದರ ನಂತರ. ಹೊಳೆಯುವ ಸ್ವಿಚ್ಚು ಕೊನೆಗೆ. ನಾನು ಇದನ್ನು ಉಲ್ಟಾ ಮಾಡಿದ್ದೆ.

ಆರ್‌ಸಿಸಿಬಿ ಬಗ್ಗೆ ಎರಡು ಮಾತು. ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ಇದು ತೂಗುತ್ತದೆ. 30 ಮಿಲಿಆಂಪ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅರ್ಥಿಂಗ್ ಕೆಟ್ಟಿದ್ದರೂ ಮೈಯ ಮೂಲಕ ನೆಲಕ್ಕೆ ಕರೆಂಟು ಹರಿದೊಡನೆ ಬೀಳುತ್ತದೆ. ಓವರ್‌ಲೋಡನ್ನು ಮಾತ್ರ ಇದು ತಡೆಯುವುದಿಲ್ಲ, ಅದಕ್ಕೆ ಎಂಸಿಬಿ ಬೇಕು. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಅದಕ್ಕೂ ಗೊತ್ತಾಗುವುದಿಲ್ಲ.

ಹಳೇ ವೈರಿಗೆ ಆರ್‌ಸಿಸಿಬಿ ಹಾಕಿದ ದಿನ ಅದು ನಿಲ್ಲುವುದಿಲ್ಲ. ನಮ್ಮಲ್ಲಿ ಮೊದಲ ದಿನ ಏಳು ಸಲ ಬಿತ್ತು. "ಇದು ಹಳೇ ಮನಿಗೆ ಆಗಂಗಿಲ್ರೀ, ಬೈಪಾಸ್ ಮಾಡ್ತೀನಿ" ಅಂತ ಕಾಕಾನ ಜೊತೆ ಬಂದ ಹುಡುಗ ಅಂದ. ಕಾಕಾ ಅವನನ್ನು ಗದರಿಸಿ, ಒಂದೊಂದೇ ಲೈನ್ ಏರಿಸುತ್ತಾ ಹೋದರು. ಒಂದು ಕೂಲರಿನ ಪಂಪು, ಜೋಳದ ಕೋಣೆಯ ಇಲಿ ಕಡಿದ ವೈರು, ಇನ್ವರ್ಟರಿನ ಜೊತೆ ಬೆರೆತ ನ್ಯೂಟ್ರಲ್. ಮೂರು ಕಳ್ಳರು ಸಿಕ್ಕರು. ಅದು ಬೀಳುವುದೇ ಅದರ ಕೆಲಸ.

ಕೆಲಸ ನಡೆಯುವಾಗ

ದೀಪಾವಳಿ ಮುಗಿದು ಬಿಸಿಲು ಏರುವ ಮೊದಲಿನ ತಿಂಗಳುಗಳು ಒಳ್ಳೆಯವು. ಗೋಡೆ ಒಣಗಿರುತ್ತದೆ, ಫ್ಯಾನಿಲ್ಲದೆ ಎರಡು ದಿನ ಕಳೆಯಬಹುದು.

ಮಣ್ಣಿನ ಗೋಡೆ, ಕಲ್ಲಿನ ಗೋಡೆ ಕೊರೆಸಬೇಡಿ. ಮಣ್ಣು ಉದುರುತ್ತಲೇ ಇರುತ್ತದೆ, ಭಾರ ಹೊತ್ತ ಗೋಡೆಗೆ ಅಡ್ಡ ಗಾಯ ಆಗುತ್ತದೆ. ಮೇಲಿಂದಲೇ ಪಿವಿಸಿ ಪೈಪ್ ಅಥವಾ ಕೇಸಿಂಗ್ ಪಟ್ಟಿ ಹೊಡೆಸಿ. ಜಂತಿಯ ಬದಿಗೆ ನೇರ ಗೆರೆಯಲ್ಲಿ ಹೋದರೆ ನೋಡಲೂ ಕೆಟ್ಟದಲ್ಲ. ಮುಂದೆ ರಿಪೇರಿಯೂ ಸುಲಭ. ಇಲಿ ಇರುವಲ್ಲಿ ಪಟ್ಟಿಗಿಂತ ಗಟ್ಟಿ ಪೈಪು ಲೇಸು.

ವೈರನ್ನು ನೀವೇ ಹೋಗಿ ತನ್ನಿ. ಐಎಸ್‌ಐ ಗುರುತು, ಲೈಸೆನ್ಸ್ ನಂಬರು, ಸೈಜು ವೈರಿನ ಮೈಮೇಲೇ ಅಚ್ಚಾಗಿರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಒಂದು ಸುರುಳಿ 90 ಮೀಟರ್ ಇರುತ್ತದೆ. ಫೇಸಿಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಗೆ ಹಸಿರು. ಕೆಂಪು ಮುಗಿಯಿತು ಎಂದು ಹಸಿರಿನಲ್ಲಿ ಫೇಸ್ ಎಳೆಯಲು ಬಿಡಲೇಬೇಡಿ, ಮೂರು ಮೀಟರಾದರೂ ಸರಿ. ಹತ್ತು ವರ್ಷದ ಮೇಲೆ ಬರುವವನಿಗೆ ಅದು ಗೊತ್ತಿರುವುದಿಲ್ಲ.

ಗೋಡೆಯೊಳಗೆ, ಪೈಪಿನೊಳಗೆ ಜಾಯಿಂಟ್ ಇರಬಾರದು. ಬಿಚ್ಚಿ ನೋಡಬಹುದಾದ ಡಬ್ಬಿಯಲ್ಲಿ ಮಾತ್ರ. ಪ್ರತಿ ಲೈನಿಗೂ ಅದರದೇ ನ್ಯೂಟ್ರಲ್ ಇರಬೇಕು. ಇನ್ವರ್ಟರ್ ಇದ್ದರೆ ಒಂದು ವಿಷಯ ಮನೆಯವರಿಗೆಲ್ಲ ಹೇಳಿ: ಮೇನ್ ಇಳಿಸಿದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟು ಇರುತ್ತದೆ. ಕೆಲಸ ಶುರುವಾಗುವ ಮೊದಲು ಅದನ್ನೂ ಆರಿಸಿ, ಔಟ್‌ಪುಟ್ ಕಳಚಬೇಕು.

ಪೈಪ್ ಹೊಡೆದ ಮೇಲೆ, ಪ್ಲಾಸ್ಟರ್ ಮಾಡುವ ಜಾಗವಿದ್ದರೆ ಅದಕ್ಕೂ ಮೊದಲು, ಎಲ್ಲ ಗೋಡೆಯ ಫೋಟೊ ತೆಗೆಯಿರಿ. ಗೋಡೆಯ ಪಕ್ಕ ಒಂದು ಟೇಪು ಹಿಡಿದು ಅಳತೆಯೂ ಕಾಣುವ ಹಾಗೆ ತೆಗೆದರೆ, ಮೊಳೆ ಹೊಡೆಯುವಾಗ ಮುಂದೆ ಕೆಲಸಕ್ಕೆ ಬರುತ್ತದೆ.

ದುಡ್ಡು ಕೊಡುವ ಮೊದಲು

ನಿಮ್ಮ ಎದುರಿಗೇ ಮೆಗ್ಗರ್ ಮತ್ತು ಅರ್ಥ್ ಟೆಸ್ಟರ್ ಇಡಿಸಿ, ಬಂದ ಅಂಕಿಗಳನ್ನು ತಾರೀಖಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆಯಿಸಿಕೊಳ್ಳಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ನೀವೇ ಒತ್ತಿ. ತಕ್ಷಣ ಬೀಳಬೇಕು. ತಿಂಗಳಿಗೊಮ್ಮೆ ಹೀಗೆ ಒತ್ತಬೇಕು. ನಾವು ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವ ದಿನ ಒತ್ತುತ್ತೇವೆ, ಮರೆಯುವುದಿಲ್ಲ.

ಡಿಬಿಯ ಮುಚ್ಚಳದ ಒಳಗೆ ಯಾವ ಎಂಸಿಬಿ ಯಾವ ಕೋಣೆಯದು ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ನಮ್ಮ ಮನೆಯಲ್ಲಿ ಅದನ್ನು ಬರೆದದ್ದು ಅವ್ವ. ದೇವರ ಕೋಣೆ, ಒಲೆ, ಬಚ್ಚಲು, ಗಿರಣಿ, ಮೋಟರ್. ಕೂಲರಿನ ಎದುರು "ಚಪ್ಪಲ್ ಬ್ಯಾಡ" ಅಂತ ಬರೆದಿದ್ದಾಳೆ. ಒಂದು ವಾರ ಬಿಟ್ಟು ಕೆಲಸದವರನ್ನು ಇನ್ನೊಮ್ಮೆ ಕರೆಸಿ, ಡಿಬಿಯ ಎಲ್ಲ ಸ್ಕ್ರೂ ಮತ್ತೆ ಬಿಗಿ ಮಾಡಿಸಿ. ಹೊಸ ತಾಮ್ರ ಸ್ವಲ್ಪ ಕೂತಿರುತ್ತದೆ. ಕೊನೆಯ ಕಂತು ಅಲ್ಲಿಯ ತನಕ ಕೈಯಲ್ಲಿರಲಿ.